ರೈಲ್ವೆ ತಂತಿಯಿಂದ 8051ರವರೆಗೆ: ಸೀರಿಯಲ್ ಸಂವಹನದ ತುಮಕೂರು ಅಧ್ಯಾಯ

ಮೈಕ್ರೋಕಂಟ್ರೋಲರ್ ಪಠ್ಯಗಳಲ್ಲಿ ಯುಎಆರ್‌ಟಿ, ಎಸ್‌ಪಿಐ, ಐ-ಟು-ಸಿ ಮೂರೂ ಒಡಹುಟ್ಟಿದವರಂತೆ ಒಂದೇ ಅಧ್ಯಾಯದಲ್ಲಿ ಬರುತ್ತವೆ. ಚರಿತ್ರೆಯನ್ನು ನೋಡಿದರೆ ಅವುಗಳ ಹುಟ್ಟೇ ಬೇರೆ ಬೇರೆ. ಫಿಲಿಪ್ಸ್ 1982ರಲ್ಲಿ ರೂಪಿಸಿದ ಐ-ಟು-ಸಿ ಟಿವಿಯಂಥ ಉಪಕರಣಗಳ ಒಳಗಿನ ಚಿಪ್‌ಗಳನ್ನು ಎರಡೇ ತಂತಿಯಲ್ಲಿ ಬೆಸೆಯಲು ಬಂದದ್ದು. ಮೊಟೊರೊಲಾದ ಎಸ್‌ಪಿಐ ಕೂಡ ಒಂದೇ ಬೋರ್ಡಿನ ಮೇಲಿನ ವ್ಯವಹಾರ. ಯುಎಆರ್‌ಟಿ ಮಾತ್ರ ದೂರದ ಊರುಗಳನ್ನು ಜೋಡಿಸಿದ ಟೆಲಿಗ್ರಾಫಿನ ವಂಶದ್ದು.

ಆ ವಂಶಕ್ಕೆ ಈ ಸೀಮೆಯಲ್ಲಿ ಹಳೆಯ ನಂಟಿದೆ. ಬೆಂಗಳೂರು–ತುಮಕೂರು ರೈಲುಮಾರ್ಗ ತೆರೆದದ್ದು 1884ರಲ್ಲಿ. ಆ ಕಾಲದ ರೈಲು ಓಡುತ್ತಿದ್ದುದೇ ತಂತಿ ಸಂದೇಶದ ಭರವಸೆಯ ಮೇಲೆ. ಮೋರ್ಸ್ ಸಂಕೇತದಲ್ಲಿ ಕೇಳುವವನ ಕಿವಿಯೇ ಗಡಿಯಾರ. 20ನೇ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಟೆಲಿಪ್ರಿಂಟರ್ ಆ ಕಿವಿಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು: ಪ್ರತಿ ಅಕ್ಷರದ ಮೊದಲು ಒಂದು ಸ್ಟಾರ್ಟ್ ಸಂಕೇತ, ಕೊನೆಗೊಂದು ಸ್ಟಾಪ್. ಎರಡೂ ತುದಿಯ ಗಡಿಯಾರಗಳು ಒಂದಕ್ಷರದ ಅವಧಿಯಷ್ಟು ಹೊಂದಿಕೊಂಡರೆ ಸಾಕು. 1971ರ ಹೊತ್ತಿಗೆ ವೆಸ್ಟರ್ನ್ ಡಿಜಿಟಲ್ ಈ ಕೆಲಸವನ್ನೆಲ್ಲ ಒಂದೇ ಚಿಪ್‌ಗೆ ಇಳಿಸಿತು. 1980ರಲ್ಲಿ ಬಂದ ಇಂಟೆಲ್ 8051 ಅದನ್ನು ಮೈಕ್ರೋಕಂಟ್ರೋಲರಿನ ಒಳಗೇ ಸೇರಿಸಿಕೊಂಡಿತು.

1963ರಲ್ಲಿ ಶುರುವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ, 2001ರ ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯ ಮೊದಲಾದೆಡೆ ಎರಡು ತಲೆಮಾರಿನ ವಿದ್ಯಾರ್ಥಿಗಳು ಸೀರಿಯಲ್ ಪೋರ್ಟನ್ನು ಮೊದಲು ಕಂಡದ್ದು ಬಹುಮಟ್ಟಿಗೆ 8051ರಲ್ಲೇ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವೂ ಅದನ್ನು ಬಹುಕಾಲ ಉಳಿಸಿಕೊಂಡಿತು. ಆ ಕಿಟ್‌ಗಳ ಮೇಲಿದ್ದ ಕ್ರಿಸ್ಟಲ್ 11.0592 ಮೆಗಾಹರ್ಟ್ಸ್. ಈ ವಿಚಿತ್ರ ಅಂಕಿಯನ್ನು ಹುಡುಗರು ಉರು ಹೊಡೆಯುತ್ತಾರೆಯೇ ಹೊರತು ಯಾಕೆಂದು ಕೇಳುವುದು ಕಡಿಮೆ. ಅದನ್ನು 12ರಿಂದ ಭಾಗಿಸಿದರೆ 9,21,600; 32ರಿಂದ ಭಾಗಿಸಿದರೆ 28,800; ಟೈಮರ್ ಮೂರು ಎಣಿಸಿ ಉಕ್ಕಿದರೆ ಸರಿಯಾಗಿ 9600 ಬಾಡ್. ದುಂಡನೆಯ 12 ಮೆಗಾಹರ್ಟ್ಸ್ ಹಾಕಿದರೆ ಅದೇ ಲೆಕ್ಕ 10,417ಕ್ಕೆ ಬಂದು ನಿಲ್ಲುತ್ತದೆ. ವ್ಯತ್ಯಾಸ ಶೇ. 8.5. ಹತ್ತು ಬಿಟ್‌ಗಳ ಚೌಕಟ್ಟು ತಾಳುವುದು ಹೆಚ್ಚೆಂದರೆ ಶೇ. 5ರಷ್ಟು, ತೆರೆಯ ಮೇಲೆ ಕಸ ಬೀಳುತ್ತದೆ. ಟೆಲಿಪ್ರಿಂಟರ್ ಕಾಲದ ಷರತ್ತು ಸಿಲಿಕಾನಿನಲ್ಲೂ ಬದಲಾಗಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಕಾಣದು. ಇದೇ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ತಯಾರಾದ ಕ್ವಾರ್ಟ್ಸ್ ಕೈಗಡಿಯಾರಗಳ ಹಿಂದೆಯೂ ಇಂಥದೇ ಗಣಿತವಿತ್ತು: 32,768 ಹರ್ಟ್ಸ್, ಹದಿನೈದು ಸಲ ಅರ್ಧಿಸಿದರೆ ಒಂದು ಸೆಕೆಂಡು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿಂದ ಈ ಚರಿತ್ರೆಗೆ ಇನ್ನೊಂದು ಕವಲು. ಸೇನಾ ವಿಮಾನಗಳಲ್ಲಿ ಬಳಕೆಯಲ್ಲಿರುವ 1553ಬಿ ಮಾನಕವೂ ಸೀರಿಯಲ್ಲೇ: ಸೆಕೆಂಡಿಗೆ 10 ಲಕ್ಷ ಬಿಟ್, ಒಂದು ಜೋಡಿ ತಂತಿ ಕೆಟ್ಟರೆ ಆಸರೆಗೆ ಇನ್ನೊಂದು. ಅಲ್ಲಿ ಕೆಲಸ ಬಯಸುವ ಗುಬ್ಬಿ, ಕುಣಿಗಲ್ ಕಡೆಯ ವಿದ್ಯಾರ್ಥಿಗೆ 8051ರ ಪಾಠ ಹಳತಾಯಿತೆನ್ನುವುದು ಅವಸರದ ಮಾತು.

ಹಳೆಯ ಕಿಟ್‌ಗಳೂ ಲ್ಯಾಬ್ ರೆಕಾರ್ಡ್ ಪುಸ್ತಕಗಳೂ ಗುಜರಿಗೆ ಹೋಗುವ ವಸ್ತುಗಳು. ಪ್ರತಿ ಕಾಲೇಜೂ ಒಂದೊಂದು ಮಾದರಿಯನ್ನಾದರೂ ತನ್ನ ಗ್ರಂಥಾಲಯದಲ್ಲಿ ತೆಗೆದಿಡಲಿ.