ಕಬ್ಬಿಣದ ಅಂಗಿ, ಜುಲೈ ಬಿಸಲು

ಮೇ ತಿಂಗಳ ಮದುವಿಯೊಳಗ ಜರಿಸೀರಿ ಉಟ್ಟು ಹೋಮದ ಮುಂದ ಎರಡು ತಾಸು ಕೂತ್ರ ನಾವು ಎಷ್ಟು ಗೊಣಗತೀವಿ ಅಂತ ಎಲ್ಲಾರಿಗೂ ಗೊತ್ತದ. ಹಂಗಾದ್ರ ಮೈತುಂಬ ಕಬ್ಬಿಣ ಹಾಕ್ಕೊಂಡು ಉರಿಬಿಸಲಾಗ ಯುದ್ಧಕ್ಕ ಹೋಗತಿದ್ದವರು ಹೆಂಗ ತಡಕೊಂಡಿರಬೇಕು? ಸಿನಿಮಾದಾಗ ನೋಡಿದ್ರ ಅವರ ಹಣಿಮ್ಯಾಲೆ ಒಂದು ಹನಿ ಬೆವರು ಇರೂದಿಲ್ಲ. ಖರೇ ಸಂಗತಿ ಬ್ಯಾರೆ ಅದ. ಅದು ತಿಳೀಬೇಕಂದ್ರ ಎಂಟುನೂರು ವರ್ಷ ಹಿಂದ, ಪ್ಯಾಲೆಸ್ಟೈನಿನಾಗ ನಡದ ಶಿಲುಬೆ ಯುದ್ಧಗಳ ಕಾಲಕ್ಕ ಹೋಗಬೇಕು.

ಯುರೋಪಿನಿಂದ ಹೋದ ಕ್ರೈಸ್ತ ಯೋಧರು 1099ರಿಂದ ಜೆರುಸಲೇಮ್ ಹಿಡಕೊಂಡು ಆಳತಿದ್ರು. ಅವರ ಕುದುರಿ ಸವಾರರು, ನೈಟ್ ಅಂತಾರಲ್ಲ, ಅವರ ಮೈಮ್ಯಾಲೆ ಸಣ್ಣ ಸಣ್ಣ ಕಬ್ಬಿಣದ ಉಂಗುರ ಹೆಣದು ಮಾಡಿದ ಅಂಗಿ. ತೂಕ 10ರಿಂದ 15 ಕಿಲೋ. ಬರೀ ಉಂಗುರ ಹಾಕ್ಕೊಂಡ್ರ ಪೆಟ್ಟು ಎಲುಬಿಗೇ ಬೀಳತದ, ಅದಕ್ಕ ಒಳಗ ಇನ್ನೊಂದು ದಪ್ಪನ ಅಂಗಿ. ಪದರದ ಮ್ಯಾಲೆ ಪದರ ಬಟ್ಟಿ ಇಟ್ಟು, ನಡುವ ಅರಳಿ ತುಂಬಿ, ಸಾಲಾಗಿ ಹೊಲಿಗಿ ಹಾಕಿದ್ದು. ನಮ್ಮ ಕೌದಿನೇ ಅನ್ರಿ! ಅದಕ್ಕ ಅವರು ಅಕೆಟನ್ ಅಂತಿದ್ರು. ಅರಬ್ಬಿ ಭಾಷಾದಾಗ ಅರಳಿಗೆ ‘ಅಲ್ ಕುತ್ನ್’ ಅಂತಾರ, ಆ ಶಬ್ದದಿಂದ ಬಂದದ್ದು ಇದು. ಬಡ ಕಾಲಾಳುಗಳಿಗೆ ಕಬ್ಬಿಣದ ಭಾಗ್ಯ ಇಲ್ಲ, ಎಷ್ಟೋ ಮಂದಿಗೆ ಆ ಕೌದಿನೇ ಕವಚ. ಕಬ್ಬಿಣದ ಅಂಗಿ ಮ್ಯಾಲೆ ಮತ್ತೊಂದು ಸಡಿಲ ನಿಲುವಂಗಿ ಹಾಕ್ಕೊಳ್ಳೋ ಪದ್ಧತಿ ಅದೇ ಕಾಲಕ್ಕ ಬಂತು. ಕಬ್ಬಿಣಕ್ಕ ನೇರ ಬಿಸಲು ತಾಗಬಾರದು ಅಂತ ಕೆಲವರು ಹೇಳತಾರ, ಅಲ್ಲ ಅದು ಬರೀ ಡೌಲು ಅಂತ ಇನ್ನ ಕೆಲವರು. ಅಂಗಳದಾಗ ಬಿಸಲಿಗೆ ಇಟ್ಟ ಹಂಚು ಮುಟ್ಟಿ ಕೈ ಸುಟ್ಟುಕೊಂಡಾಕಿಗೆ ಮೊದಲನೇ ಮಾತೇ ಒಪ್ಪತದ.

ಖರೇ ಕಷ್ಟ ತೂಕದ್ದಲ್ಲ, ಬೆವರಿಂದು. ಮಣ್ಣಿನ ಹರವಿಯೊಳಗ ನೀರು ಯಾಕ ತಣ್ಣಗಿರತದ? ಮೈಯೆಲ್ಲಾ ಜಿನುಗಿದ ನೀರು ಗಾಳಿಗೆ ಆರತದ, ಆರೋವಾಗ ಒಳಗಿನ ಕಾವು ಎಳಕೊಂಡು ಹೋಗತದ. ನಮ್ಮ ಮೈನೂ ಹಂಗನ. ಒಂದು ಲೀಟರ್ ಬೆವರು ಪೂರ್ತಿ ಆರಿದ್ರ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊರಗ ಹೋಗತದ. ಆದ್ರ ಹರವಿಗೆ ಎಣ್ಣಿಬಣ್ಣ ಬಳದುಬಿಟ್ರ? ಕವಚ ಹಾಕ್ಕೊಂಡವರ ಗತಿ ಅದೇ. ಬೆವರು ಸುರೀತದ, ಕೌದಿ ಕುಡೀತದ, ಆರೋದು ಮಾತ್ರ ಇಲ್ಲ. ಮ್ಯಾಲೆ ದುಡಿತದ ಶಾಖ ಬ್ಯಾರೆ. 2011ರಾಗ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು ಇನ್ನೂ ಭಾರದ, 15ನೇ ಶತಮಾನದ ಮಾದರಿ ತಗಡಿನ ಕವಚ ಹಾಕಿಸಿ ಮಂದಿಯನ್ನ ಯಂತ್ರದ ಮ್ಯಾಲೆ ನಡಸಿ ಅಳದ್ರು. ಬರೇ ನಡೀಲಿಕ್ಕೇ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಹತ್ತಿತ್ತು. ಇಂಥಾದ್ರಾಗ ಮನುಷ್ಯಾ ತಣ್ಣಗಿರಬೇಕಂದ್ರ ನೀರು, ನೆರಳು, ಗಾಳಿ, ಈ ಮೂರು ಬಿಟ್ಟು ಬ್ಯಾರೆ ಮದ್ದಿಲ್ಲ.

1187ರ ಜುಲೈದಾಗ ಆದದ್ದು ಕೇಳ್ರಿ. ಗಲಿಲೀ ಸರೋವರದ ದಂಡಿಮ್ಯಾಲೆ ತಿಬೇರಿಯಸ್ ಅಂತ ಊರು. ಸುಲ್ತಾನ ಸಲಾದಿನ್ ಬಂದು ಊರು ಹಿಡದ. ಕೋಟಿಯೊಳಗ ಎಶೀವಾ ಅನ್ನೋ ಹೆಣ್ಮಗಳು ಬಾಗಲಾ ಹಾಕ್ಕೊಂಡು ಕೂತು, ಬರ್ರಿ ಅಂತ ಹೇಳಿಕಳಿಸಿದಳು. ಆಕಿ ಗಂಡ ರೇಮಂಡ್ ಆಗ ರಾಜಾ ಗೀ ಜೋಡಿ ಸಫ್ಫೂರಿಯಾದಾಗ ಇದ್ದ. ಅಲ್ಲಿ ಬೇಕಾದಷ್ಟು ಒರತಿ ನೀರು. ಈಗ ಹೆಂಡತಿ ಸಿಕ್ಕೊಂಡಾಳ, ಗಂಡ ಏನಂದಿರಬೇಕು? ಊರು ಹೋದ್ರ ಹೋಗಲಿ, ಈ ಬಿಸಲಾಗ ನೀರು ಬಿಟ್ಟು ಹೋಗೂದು ಬ್ಯಾಡ ಅಂದ. ಕಲ್ಲು ಮನಸು ಅನಸತದ, ಆದ್ರ ಅವತ್ತು ಅಲ್ಲಿ ಶಾಣ್ಯಾ ಮಾತು ಅದೊಂದೇ. ರಾಜಾ ಮೊದಲು ಒಪ್ಪಿದ, ರಾತ್ರಿ ಯಾರೋ ಚುಚ್ಚಿಕೊಟ್ರು, ಮನಸು ಬದಲಾತು.

ಜುಲೈ 3ರ ನಸಿಕಿನ್ಯಾಗ ಸೈನ್ಯ ಹೊಂಟಿತು. ನೈಟ್‌ಗಳೇ ಸುಮಾರು 1,200. ದಾರಿಯೊಳಗ ತುರಾನ್ ಹಳ್ಳಿ ಹತ್ರ ಒಂದು ಸಣ್ಣ ಒರತಿ, ಅದನ್ನೂ ದಾಟಿ ಹೋದ್ರು. ಹಿಂದಿನಿಂದ ಸಲಾದಿನ್ ಮಂದಿ ಆ ಒರತಿ ಹಿಡಕೊಂಡ್ರು. ಬಾಣದ ಮಳಿ, ಕವಚ ಬಿಚ್ಚೋ ಹಂಗಿಲ್ಲ, ಕುಡೀಲಿಕ್ಕೆ ಹನಿ ಇಲ್ಲ. ರಾತ್ರಿಯೆಲ್ಲಾ ಬಯಲಾಗ ಹಂಗ ಕೂತ್ರು. ವೈರಿಗಳಿಗೆ ಮಾತ್ರ ಒಂಟಿಮ್ಯಾಲೆ ಸರೋವರದ ನೀರು ಬರತಿತ್ತು. ಮುಂಜಾನೆ ಒಣಹುಲ್ಲಿಗೆ ಬೆಂಕಿ ಹಚ್ಚಿ ಹೊಗಿನೂ ಹಾಕಿದ್ರು. ಕಾಲಾಳುಗಳು ದಣಿದು ಹತ್ತೀನ್ ಗುಡ್ಡ ಏರಿ ಕೂತ್ರು, ರಾಜಾ ಕರದ್ರೂ ಇಳೀಲಿಲ್ಲ, ನೀರಡಿಕಿಲೆ ಸಾಯಾಕತ್ತೀವಿ ಅಂದ್ರು. ಆ ಗುಡ್ಡದ ಮ್ಯಾಲಿಂದ ಸರೋವರ ಕಾಣತದ. ಅದನ್ನ ನೆನಸಿದ್ರ ನನಗ ಈಗಲೂ ಗಂಟಲು ಒಣಗತದ.

ಸಂಜೀತನಕಾ ಎಲ್ಲಾ ಮುಗೀತು. ಸೆರಿ ಸಿಕ್ಕ ರಾಜಾಗ ಸಲಾದಿನ್ ತನ್ನ ಡೇರೇದಾಗ ಹಿಮ ಹಾಕಿದ ತಣ್ಣನ ಪಾನಕ ಕೊಟ್ಟ. ಎಶೀವಾ ಮರುದಿನ ಕೋಟಿ ಒಪ್ಪಿಸಿದಳು, ಆಕಿನ್ನ ಮರ್ಯಾದಿಯಿಂದ ಕಳಿಸಿಕೊಟ್ರು. ಅಕ್ಟೋಬರ್ 2ಕ್ಕ ಜೆರುಸಲೇಮ್ ಸಲಾದಿನ್ ಕೈಗೆ ಬಂತು.

ಸಲಾದಿನ್ ಕಡಿಯವರು ಹಗುರ ಅಂಗಿಯೊಳಗ ಇದ್ರು, ಅದಕ್ಕ ಗೆದ್ರು ಅಂತ ಬರೀತಾರ. ಅಷ್ಟು ಸಸಾರ ಇಲ್ಲ. ಸಿರಿಯಾದ ಉಸಾಮಾ ಇಬ್ನ್ ಮುನ್ಕಿಧ್ ತನ್ನ ಕವಚದ ವರ್ಣನಾ ಮಾಡ್ಯಾನ, ಎರಡೆರಡು ಉಂಗುರದ ಅಂಗಿ, ನಡುವ ಕಂಬಳಿಯಂಥಾ ಮೆತ್ತಿ, ಒರಟು ರೇಶಿಮಿ, ಮೊಲದ ಕೂದಲಾ! ಅದರೊಳಗೂ ಮನುಷ್ಯಾ ಕುದೀತಿದ್ದ.

ನಾಲ್ಕು ವರ್ಷದ ಮ್ಯಾಲೆ, 1191ರ ಆಗಸ್ಟ್‌ದಾಗ, ಇಂಗ್ಲೆಂಡಿನ ರಾಜಾ ರಿಚರ್ಡ್ ಅದೇ ಕಬ್ಬಿಣ, ಅದೇ ಕೌದಿ ತೊಟ್ಟ ಸೈನ್ಯ ಕಟಿಗೊಂಡು ಏಕರ್‌ದಿಂದ ಜಾಫಾಕ್ಕ ಹೊಂಟ. ಆದ್ರ ನಡದದ್ದು ಸಮುದ್ರದ ದಂಡಿಗುಂಟ, ಮುಂಜಾನೆ ಹೊತ್ತು ಮಾತ್ರ. ಬಿಸಲು ಏರೋದ್ರಾಗ ಡೇರೆ ಬೀಳತಿದ್ವು. ಪಕ್ಕದಾಗ ಹಡಗದಾಗ ಊಟ, ಸಾಮಾನು. ಕಾಲಾಳುಗಳು ಎರಡು ಪಾಲು, ಒಂದು ಪಾಲು ಬಾಣ ತಡೀಬೇಕು, ಇನ್ನೊಂದು ಸಮುದ್ರದ ಗಾಳಿಗೆ ಹಗುರಾಗಿ ನಡೀಬೇಕು, ಆಮ್ಯಾಲೆ ಅದಲು ಬದಲು. ಕೌದಿಮ್ಯಾಲೆ ಹತ್ತು ಹತ್ತು ಬಾಣ ಚುಚ್ಚಿಕೊಂಡು ಏನೂ ಆಗದವರಂಗ ನಡೀತಿದ್ದವರನ್ನ ಸಲಾದಿನ್ ಕಡಿಯ ಬಹಾ ಅಲ್ ದೀನ್ ಕಣ್ಣಾರೆ ನೋಡಿ ಬರದಿಟ್ಟಾನ. ಇಷ್ಟು ಮಾಡಿದ್ರೂ ಬಿಸಲಿಗೆ ಬಿದ್ದು ಸತ್ತವರಿದ್ರು, ಬಿದ್ದಲ್ಲೇ ಹುಗದು ಮುಂದ ಹೋದ್ರು. ಬ್ಯಾನಿ ಬಿದ್ದವರನ್ನ ಹಡಗಕ್ಕ ಏರಿಸಿದ್ರು. ಆದ್ರ ಸೈನ್ಯ ಮುರೀಲಿಲ್ಲ. ಸೆಪ್ಟೆಂಬರ್ 7ಕ್ಕ ಅರ್ಸೂಫ್‌ದಾಗ ಗೆದ್ದಿತು.

ಆ ಸೈನ್ಯದ ಜೋಡಿ ಹೆಂಗಸರು ಬರಬಾರದು ಅಂತ ರಿಚರ್ಡ್‌ನ ಅಪ್ಪಣೆ ಇತ್ತು. ಒಂದು ಗುಂಪಿಗೆ ಮಾತ್ರ ಬಿಡುವು, ಬಟ್ಟಿ ಒಗಿಯೋ ವಯಸ್ಸಾದ ಹೆಣ್ಮಕ್ಕಳಿಗೆ. ದಿನಾ ಬೆವರು ಕುಡದು ಒದ್ದಿಯಾದ ಅರಿವಿ ಒಗದು ಒಣಗಸಬೇಕಲ್ಲ! ಸೈನ್ಯದ ಜೋಡಿನೇ ಇದ್ದ ಕವಿ ಆಂಬ್ರ್ವಾಜ್ ಇವರನ್ನ ಮರೀದೆ ಬರದಾನ, ಅರಿವಿ ಒಗೀತಿದ್ರು, ಗಂಡಸರ ತಲಿ ತೊಳೀತಿದ್ರು, ಚಿಕ್ಕಾಡ ಆರಿಸೋದ್ರಾಗ ಮಂಗ್ಯಾನಷ್ಟೇ ಚುರುಕು ಅಂತ. ಹೆಸರು ಮಾತ್ರ ಒಬ್ಬರದೂ ಬರದಿಲ್ಲ.