ಕಲಿಸುವವರಿಗೂ ಕಲಿಕೆ ಬೇಕು: ಮೈಸೂರು–ಅಡಿಲೇಡ್ ನಂಟಿನ ಒಂದು ಪಾಠ



ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲಕ್ಕೆ ನಮ್ಮೂರ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಎಂದರೆ ಕಿಟಕಿಯಾಚೆಯಿಂದ ಮಾತ್ರೆ ನೀಡುವ ಕೈ. ಜನರ ಬಾಯಲ್ಲಿ ‘ಕಾಂಪೌಂಡರ್’. ರೋಗಿಯ ಹಾಸಿಗೆಯ ಬಳಿ ಅವರನ್ನು ನಾವು ಕಂಡವರಲ್ಲ. ಮುಂದೆ ಪರದೇಶದಲ್ಲಿ ರೆಸಿಡೆನ್ಸಿ ಮಾಡುವಾಗ, ನಾವು ಬರೆದ ಔಷಧದ ಪ್ರಮಾಣವು ಮೂತ್ರಪಿಂಡ ಸೋತಿದ್ದ ರೋಗಿಗೆ ಹೆಚ್ಚಾಯಿತೆಂದು ಫಾರ್ಮಸಿ ವಿದ್ಯಾರ್ಥಿನಿಯೊಬ್ಬಳು ಅಂಜುತ್ತಲೇ ತಿಳಿಸಿದಳು. ತಪ್ಪು ನಮ್ಮದೇ. ಅವಳ ಹಿಂದೆ ಹಿರಿಯ ಫಾರ್ಮಸಿಸ್ಟರೊಬ್ಬರು ಮೌನವಾಗಿ ನಿಂತಿದ್ದರು. ತಪ್ಪನ್ನು ಕಾಣುವ ಕಣ್ಣನ್ನೂ ಹೇಳುವ ಧೈರ್ಯವನ್ನೂ ಅವಳಿಗೆ ಕೊಟ್ಟವರು ಅವರೇ. ಇಂಥವರನ್ನು ಪ್ರಿಸೆಪ್ಟರ್ ಎನ್ನುತ್ತಾರೆ.

ಭಾರತದಲ್ಲಿ 1948ರ ಫಾರ್ಮಸಿ ಕಾಯಿದೆಯು ಶಿಕ್ಷಣಕ್ಕೂ ನೋಂದಣಿಗೂ ಕಟ್ಟಳೆ ವಿಧಿಸಿತಾದರೂ, ಪಾಠವು ಬಹುಕಾಲ ಔಷಧ ತಯಾರಿಕೆಯ ಸುತ್ತಲೇ ಸುತ್ತಿತು. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರು ಹಾಗೂ ಊಟಿಯ ಜೆ.ಎಸ್.ಎಸ್. ಫಾರ್ಮಸಿ ಕಾಲೇಜುಗಳು ‘ಫಾರ್ಮಸಿ ಪ್ರಾಕ್ಟೀಸ್’ ಸ್ನಾತಕೋತ್ತರ ಶಿಕ್ಷಣಕ್ಕೆ ಕೈಹಾಕಿದವು. ವಾರ್ಡಿನಲ್ಲಿ ತಾವೇ ಕಲಿಯದವರು ಇತರರಿಗೆ ಕಲಿಸುವುದೆಂತು? ನೆರವು ದೊರೆತದ್ದು ಅಡಿಲೇಡಿನ ಡಾ ಪಾರ್ಕ್‌ನಲ್ಲಿದ್ದ ರಿಪ್ಯಾಟ್ರಿಯೇಷನ್ ಜನರಲ್ ಆಸ್ಪತ್ರೆಯಿಂದ. 1942ರಲ್ಲಿ ಯೋಧರಿಗಾಗಿ ತೆರೆದ ಆಸ್ಪತ್ರೆಯದು. ಮೈಸೂರಿನ ಜಿ. ಪಾರ್ಥಸಾರಥಿ, ಆಸ್ಟ್ರೇಲಿಯಾದ ಕರಿನ್ ನೈಫೋರ್ಟ್-ಹ್ಯಾನ್ಸನ್ ಹಾಗೂ ಅಮೆರಿಕದ ಮಿಲಾಪ್ ನಹಾಟ ಸಂಪಾದಿಸಿದ ಕ್ಲಿನಿಕಲ್ ಫಾರ್ಮಸಿ ಪಠ್ಯಪುಸ್ತಕ 2004ರಲ್ಲಿ ಹೊರಬಂದಿತು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ವ್ಯಾಸಂಗಕ್ಕೆ ಭಾರತದಲ್ಲಿ ನಿಯಮಾವಳಿ ಬಂದಿತು. ಅದರ ಕೊನೆಯ ವರ್ಷ ಆಸ್ಪತ್ರೆಯ ತರಬೇತಿಗೇ ಮೀಸಲು. ಡಾ ಪಾರ್ಕಿನ ಆಸ್ಪತ್ರೆ 2017ರಲ್ಲಿ ಮುಚ್ಚಿತು. ಅದು ಹಚ್ಚಿದ ದೀಪ ಆರಲಿಲ್ಲ.

ಈ ಇತಿಹಾಸ ನಮಗೇಕೆ? ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಫಾರ್ಮಸಿ ಓದುವ ಮಕ್ಕಳು ಪ್ಲೇಸ್‌ಮೆಂಟಿಗೆ ಹೋಗುತ್ತಾರೆ; ಪದವಿಯ ನಂತರ ಪ್ರಿಸೆಪ್ಟರರ ಕೈಕೆಳಗೆ ಇಂಟರ್ನ್ ಆಗಿ ದುಡಿಯುತ್ತಾರೆ. ನಮ್ಮ ಸದರ್ನ್ ರಿವರ್‌ನ ಮನೆಗಳ ಮಕ್ಕಳಿಗೂ ಇದೇ ದಾರಿ. ಕೌಂಟರಿನ ಮುಂದೆ ಸಾಲು, ಕಿವಿಯಲ್ಲಿ ಫೋನು, ಪಕ್ಕದಲ್ಲಿ ಕಲಿಯುವ ಹುಡುಗ: ಇದು ಪ್ರಿಸೆಪ್ಟರರ ದಿನಚರಿ. ಒಳ್ಳೆಯ ಫಾರ್ಮಸಿಸ್ಟ್ ತಾನಾಗಿಯೇ ಒಳ್ಳೆಯ ಶಿಕ್ಷಕನಾಗುವನೆಂಬುದು ಭ್ರಮೆ. ಉತ್ತರ ಹೇಳುವ ಮೊದಲು ಪ್ರಶ್ನೆ ಕೇಳುವುದು, ರೋಗಿಯೆದುರು ಅವಮಾನಿಸದೆ ತಿದ್ದುವುದು, ಹಿಂದುಳಿದವನನ್ನು ಬೇಗ ಗುರುತಿಸುವುದು, ಇವೆಲ್ಲ ಕಲಿತು ಬರುವ ವಿದ್ಯೆಗಳು. ಅದಕ್ಕೆ ತರಬೇತಿ ಬೇಕು, ಬಿಡುವು ಬೇಕು, ಕಷ್ಟ ಬಂದಾಗ ಕರೆದರೆ ಓಗೊಡುವ ವಿಶ್ವವಿದ್ಯಾನಿಲಯ ಬೇಕು.

ನಮ್ಮಲ್ಲಿ ಫಾರ್ಮಸಿಸ್ಟರಾಗಿರುವವರು ಈ ಹೊಣೆ ಹೊರಲು ಮುಂದೆ ಬರಲಿ. ಅಂದು ಆ ಹಿರಿಯರು ಅಲ್ಲಿ ನಿಂತಿರದಿದ್ದರೆ ಆ ಹುಡುಗಿ ಬಾಯಿ ತೆರೆಯುತ್ತಿರಲಿಲ್ಲ. ನಮ್ಮ ರೋಗಿಯ ಗತಿ ಏನಾಗುತ್ತಿತ್ತೋ!