ಮುಂಬಯಿ ಕಾನೂನು ವರದಿಗಳಲ್ಲಿ ಉತ್ತರ ಕರ್ನಾಟಕ: ಹೊಸ ಆಕರಗಳು ಮತ್ತು ಇನ್ನೂ ಆಗಬೇಕಾದ ಒಂದು ಸೂಚಿ

ಮುಂಬಯಿ ಹೈಕೋರ್ಟು ಆರಂಭವಾದದ್ದು 1862ರ ಆಗಸ್ಟ್ 14ರಂದು. ಅದೇ ವರ್ಷ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆಗಳು ಮೊದಲೇ ಅಲ್ಲಿದ್ದವು. ಅಂದಿನಿಂದ 1956ರ ನವೆಂಬರ್ 1ರವರೆಗೆ ಈ ಸೀಮೆಯ ವತನದ ಪಾಲು, ವಿಧವೆಯ ದತ್ತಕ, ಕಾಡಿನ ಹಕ್ಕುಗಳ ವ್ಯಾಜ್ಯಗಳಿಗೆ ಮೇಲಿನ ನ್ಯಾಯಾಲಯ ಮುಂಬಯಿಯದೇ. ಶಾಸನ, ಕೈಫಿಯತ್ತು, ಬಖೈರುಗಳನ್ನು ಶ್ರದ್ಧೆಯಿಂದ ಓದಿದ ನಮ್ಮ ಇತಿಹಾಸಕಾರರು ಈ ತೀರ್ಪುಗಳ ಕಡೆಗೆ ಅಷ್ಟು ತಿರುಗಲಿಲ್ಲ. ವಕೀಲರು ಅವುಗಳನ್ನು ಓದುವುದು ಕಾನೂನಿನ ತತ್ತ್ವಕ್ಕಾಗಿ. ತತ್ತ್ವ ಸಿಕ್ಕಿತೆಂದರೆ ಸಂಗತಿಗಳ ಭಾಗವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಕರ್ನಾಟಕದ ಸಾಮಾಜಿಕ ಇತಿಹಾಸ ಇರುವುದು ಹಾಗೆ ಬಿಟ್ಟುಹೋದ ಭಾಗದಲ್ಲಿ.

ಈ ಸಾಹಿತ್ಯದ ಹಳೆಯ ಪದರ ಹೈಕೋರ್ಟಿಗಿಂತಲೂ ಹಿಂದಿನದು. ಕಂಪನಿಯ ಕಾಲದ ಕೋರ್ಟುಗಳಲ್ಲಿ ಹಿಂದೂ ಧರ್ಮಶಾಸ್ತ್ರದ ಪ್ರಶ್ನೆ ಎದ್ದಾಗ ನ್ಯಾಯಾಧೀಶರು ಶಾಸ್ತ್ರಿಗಳ ಅಭಿಪ್ರಾಯ ಕೇಳುತ್ತಿದ್ದರು. 1864ರಲ್ಲಿ ಆ ಹುದ್ದೆಗಳು ರದ್ದಾದವು. ಅದಾದ ಕೆಲವೇ ವರ್ಷಗಳಲ್ಲಿ, 1867 ಮತ್ತು 1869ರಲ್ಲಿ, ರೇಮಂಡ್ ವೆಸ್ಟ್ ಮತ್ತು ಗೇಯೋರ್ಗ್ ಬ್ಯೂಲರ್ ಮುಂಬಯಿ ಪ್ರಾಂತದ ಶಾಸ್ತ್ರಿಗಳ ಉತ್ತರಗಳನ್ನು ಒಟ್ಟುಗೂಡಿಸಿ ಡೈಜೆಸ್ಟ್ ಆಗಿ ಪ್ರಕಟಿಸಿದರು. ಪ್ರಶ್ನೆ, ಅದರ ಕೆಳಗೆ ಶಾಸ್ತ್ರಿಯ ಉತ್ತರ, ಉತ್ತರ ಬಂದ ಜಿಲ್ಲೆ: ಹೀಗಿದೆ ಅದರ ಕ್ರಮ. ಧಾರವಾಡದಿಂದ ಹೋದ ಉತ್ತರಗಳೂ ಅದರಲ್ಲಿವೆ. ಈ ಸೀಮೆಯ ದಾಯವಿಭಾಗಕ್ಕೆ ಮುಖ್ಯ ಆಧಾರ ಮಿತಾಕ್ಷರಾ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ವ್ಯಾಖ್ಯಾನ ಅದು. ಗುಜರಾತ, ಮುಂಬಯಿ ದ್ವೀಪ, ಉತ್ತರ ಕೊಂಕಣಗಳಲ್ಲಿ ವ್ಯವಹಾರಮಯೂಖಕ್ಕೆ ಹೆಚ್ಚಿನ ಮನ್ನಣೆ ಇತ್ತು. ಒಂದೇ ಹೈಕೋರ್ಟು ಎರಡು ಆಧಾರಗ್ರಂಥಗಳನ್ನು ಪ್ರದೇಶ ನೋಡಿ ಅನ್ವಯಿಸುತ್ತಿತ್ತು. ಎಂದಮೇಲೆ, ವ್ಯಾಜ್ಯ ಯಾವ ಊರಿನದು ಎಂಬ ಪ್ರಶ್ನೆ ಇತಿಹಾಸಕಾರನಿಗಷ್ಟೇ ಅಲ್ಲ, ಕಾನೂನಿಗೂ ಮುಖ್ಯವಾಗಿತ್ತು.

ಮುಂದಿನ ವರದಿಗಳ ಸಾಲು ವಕೀಲರಿಗೆ ಗೊತ್ತಿದ್ದದ್ದೇ. 1875ರವರೆಗೆ ಹೈಕೋರ್ಟ್ ವರದಿಗಳ 12 ಸಂಪುಟ. 1875ರ ಕಾಯಿದೆಯ ಬಳಿಕ, 1876ರಿಂದ, ಇಂಡಿಯನ್ ಲಾ ರಿಪೋರ್ಟ್ಸ್‌ನ ಮುಂಬಯಿ ಮಾಲೆ. 1899ರಿಂದ ರತನ್‌ಲಾಲ್ ಮತ್ತು ಧೀರಜ್‌ಲಾಲ್ ಅವರ ಬಾಂಬೆ ಲಾ ರಿಪೋರ್ಟರ್.

ಇವುಗಳಲ್ಲಿ ಸಿಗುವುದು ಎಂಥದು ಎಂಬುದಕ್ಕೆ ಎರಡು ಮೂರು ಪ್ರಕರಣ ನೋಡಬಹುದು. ಹೈಕೋರ್ಟ್ ವರದಿಗಳ 12ನೆಯ ಸಂಪುಟದ ಅನುಬಂಧದಲ್ಲಿ ವೈಕುಂಠ ಬಾಪೂಜಿ ಎಂಬವರು ಮುಂಬಯಿ ಸರಕಾರದ ಮೇಲೆ ಹೂಡಿದ ದಾವೆಯ ತೀರ್ಪಿದೆ. ಉತ್ತರ ಕನ್ನಡದ ಮೂಲವರ್ಗದಾರರ ಭೂಕಂದಾಯವನ್ನು ಸರಕಾರ ಏರಿಸಬಹುದೇ ಎಂಬುದು ಪ್ರಶ್ನೆ. ತೀರ್ಪು ಸರಕಾರದ ಪರವಾಯಿತು. ಆದರೆ ಮುಖ್ಯ ನ್ಯಾಯಮೂರ್ತಿ ಮೈಕೆಲ್ ವೆಸ್ಟ್ರಾಪ್ ಆ ದಾರಿಯಲ್ಲಿ ಕರಾವಳಿಯ ಭೂಹಿಡುವಳಿಯ ಚರಿತ್ರೆಯನ್ನೇ ಕೆದಕಿದ್ದಾರೆ. 1879ರಲ್ಲಿ ಭಾಸ್ಕರಪ್ಪ ಎಂಬವರು ಉತ್ತರ ಕನ್ನಡದ ಕಲೆಕ್ಟರರ ವಿರುದ್ಧ ಕಾಡಿನ ಮೇಲೆ ಹಕ್ಕು ಸಾಧಿಸಲು ಹೋಗಿ ಸೋತರು. ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯವನ್ನು ನಡೆಸಿಕೊಂಡು ಬಂದದ್ದರಿಂದಲೇ ನೆಲದ ಒಡೆತನ ಹುಟ್ಟುವುದಿಲ್ಲ ಎಂದು ಕೋರ್ಟು ಹೇಳಿತು. ಪಶ್ಚಿಮಘಟ್ಟದ ಅರಣ್ಯಹಕ್ಕಿನ ಚರ್ಚೆ ಇಂದಿಗೂ ಮುಗಿದಿಲ್ಲ. ಅದನ್ನು ಬರೆಯುವವರು ಈ ಎರಡೂ ತೀರ್ಪುಗಳನ್ನು ಪೂರ್ತಿ ಓದಲೇಬೇಕು.

ಮೂರನೆಯದು 1954ರದು, ಸುಪ್ರೀಂ ಕೋರ್ಟಿನದು: ಶ್ರೀನಿವಾಸ ಕೃಷ್ಣರಾವ್ ಕಾಂಗೋ ಮತ್ತು ನಾರಾಯಣ ದೇವಜಿ ಕಾಂಗೋ. ಅವಿಭಕ್ತ ಕುಟುಂಬ ಇದೆ ಎಂದ ಮಾತ್ರಕ್ಕೆ ಆಸ್ತಿಯೂ ಕುಟುಂಬದ್ದೆಂದು ಊಹಿಸಲಾಗದು, ಅದನ್ನು ರುಜುವಾತು ಮಾಡುವ ಹೊಣೆ ಹಾಗೆಂದು ವಾದಿಸುವವನದು ಎಂಬ ಮಾತಿಗೆ ದೇಶದ ಎಲ್ಲ ಸಿವಿಲ್ ಕೋರ್ಟುಗಳಲ್ಲೂ ಈ ತೀರ್ಪನ್ನು ಎತ್ತಿ ತೋರಿಸುತ್ತಾರೆ. ಆ ಜಮೀನು ಇದ್ದದ್ದು ವಿಜಯಪುರ ಜಿಲ್ಲೆಯ ಉಕಮನಾಳದಲ್ಲಿ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ?

ಈಗ ಹೊಸ ಆಕರಗಳ ಮಾತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತನ್ನ ಅಧಿಕೃತ ವರದಿಗಳನ್ನು ಇ-ಎಸ್‌ಸಿಆರ್ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಕಾಂಗೋ ತೀರ್ಪಿಗಾಗಿ ಮುಂಬಯಿಯ ಕೋಟೆ ಪ್ರದೇಶದ ಗ್ರಂಥಾಲಯಕ್ಕೆ ಹೋಗಬೇಕಾದ ಕಾಲ ಮುಗಿಯಿತು. ಮುಂಬಯಿ ಹೈಕೋರ್ಟಿನ ಇಂದಿನ ತೀರ್ಪುಗಳಿಗೆ ಯಾವ ಪ್ರಕಾಶಕರನ್ನೂ ಅವಲಂಬಿಸದ ತಟಸ್ಥ ಸೈಟೇಶನ್ ಬಂದಿದೆ. ಅದರ ಅಕ್ಷರಗಳಲ್ಲೇ ಅಪೀಲು ವಿಭಾಗ, ಮೂಲ ವಿಭಾಗ, ನಾಗಪುರ, ಔರಂಗಾಬಾದ್, ಗೋವಾ ಪೀಠಗಳು ತಿಳಿಯುತ್ತವೆ. ಕರ್ನಾಟಕ ಹೈಕೋರ್ಟಿನ ಸೈಟೇಶನ್ನಿನಲ್ಲಿ ಧಾರವಾಡ, ಕಲಬುರಗಿ ಪೀಠಗಳು ತಿಳಿಯುವ ಹಾಗೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾದ ಮೇಲೆ ಪುಸ್ತಕದ ಅಂಗಡಿಗಳು ಹಳೆಯ 511 ಕಲಮುಗಳನ್ನು ಹೊಸ 358ರೊಂದಿಗೆ ಹೊಂದಿಸಿ ತೋರಿಸುವ ಕೈಪಿಡಿಗಳಿಂದ ತುಂಬಿವೆ. ನಿತ್ಯದ ಕೆಲಸಕ್ಕೆ ಅವು ಬೇಕೇ ಬೇಕು. ಹಾಗೆಂದು ಗ್ರಂಥಾಲಯಗಳು ಹಳೆಯ ದಂಡಸಂಹಿತೆಯ ವ್ಯಾಖ್ಯಾನಗಳನ್ನು ಕಪಾಟಿನಿಂದ ಇಳಿಸಬಾರದು: ಆ ದಿನಾಂಕಕ್ಕೆ ಮುಂಚಿನ ಅಪರಾಧಗಳಿಗೆ ಈಗಲೂ ಹಳೆಯ ಕಾನೂನೇ ಅನ್ವಯ.

ಇಷ್ಟೆಲ್ಲ ಇದ್ದೂ 1876ರಿಂದ 1956ರವರೆಗಿನ ಮುಂಬಯಿ ಮಾಲೆಯಲ್ಲಿ ಒಂದು ಜಿಲ್ಲೆಯ ಪ್ರಕರಣಗಳನ್ನು ಮಾತ್ರ ಹೆಕ್ಕಿ ತೆಗೆಯುವುದು ಕಷ್ಟ. ಸಂಪುಟದ ಮೊದಲಲ್ಲಿ ಕಕ್ಷಿದಾರರ ಹೆಸರಿನ ಪಟ್ಟಿ ಇದೆ, ಕೊನೆಯಲ್ಲಿ ವಿಷಯಸೂಚಿ ಇದೆ; ಊರಿನ ಸೂಚಿ ಇಲ್ಲ. ಅಪೀಲು ಎಲ್ಲಿಂದ ಬಂತೆಂಬುದು ಹೆಡ್‌ನೋಟಿನ ಕೆಳಗೆ, ಧಾರವಾಡದ ಜಿಲ್ಲಾ ನ್ಯಾಯಾಧೀಶರ ತೀರ್ಪಿನ ಮೇಲೆ ಎರಡನೇ ಅಪೀಲು ಎಂಬಂಥ ಒಂದು ಸಾಲಿನಲ್ಲಿ ಅಡಗಿರುತ್ತದೆ. ಸ್ಕ್ಯಾನ್ ಪ್ರತಿಗಳಲ್ಲಿ ಪದ ಹಾಕಿ ಹುಡುಕೋಣವೆಂದರೆ ಕಾಗುಣಿತ ಅಡ್ಡ ಬರುತ್ತದೆ. ವೈಕುಂಠನೇ ಇಂಗ್ಲಿಷ್ ವರದಿಯಲ್ಲಿ ವ್ಯಾಕುಂಟ ಆಗಿದ್ದಾನೆ. ಧಾರವಾಡ ಧಾರವಾರ್ ಆಗಿದೆ. ಹುಡುಕುವ ಯಂತ್ರ ಎಷ್ಟೇ ಚುರುಕಾಗಿರಲಿ, ಕನ್ನಡದ ಹೆಸರು ಬಲ್ಲವರು ಕೂತು ಮಾಡಬೇಕಾದ ಕೆಲಸ ಇದು.

ಆದ್ದರಿಂದ ಈ ಲೇಖನದ ಒತ್ತಾಯ ಒಂದೇ: ಮುಂಬಯಿ ಮಾಲೆಗೆ ಕನ್ನಡ ಜಿಲ್ಲೆಗಳ ಸ್ಥಳಸೂಚಿ ಬೇಕು. ಪ್ರತಿ ಪ್ರಕರಣಕ್ಕೂ ಊರು, ತಾಲೂಕು, ಕೆಳಗಿನ ಕೋರ್ಟು, ಸಮುದಾಯ, ಆಸ್ತಿಯ ಬಗೆ, ಕಕ್ಷಿದಾರರ ಹೆಸರಿನ ಕನ್ನಡ ರೂಪ, ಸಂಪುಟ ಮತ್ತು ಪುಟ ದಾಖಲಾಗಬೇಕು. ಮಹಿಳೆಯರೇ ವಾದಿಯಾಗಿರುವ ದಾವೆಗಳನ್ನು ಬೇರೆಯಾಗಿ ಗುರುತಿಸಬೇಕು. ಉತ್ತರ ಕರ್ನಾಟಕದ ವಿಧವೆಯರು ಜೀವನಾಂಶ ಮತ್ತು ದತ್ತಕಕ್ಕಾಗಿ ಹೋರಾಡಿದ ಬಗೆ ಇಷ್ಟು ವಿವರವಾಗಿ ದಾಖಲಾಗಿರುವ ಬೇರೆ ಆಕರ ನನಗೆ ಕಂಡಿಲ್ಲ. ಕೃತಿಸ್ವಾಮ್ಯದ ತೊಡಕು ಹೆಚ್ಚಿಲ್ಲ. ಸರಕಾರಿ ಕೃತಿಗಳ ಹಕ್ಕು ಪ್ರಕಟಣೆಯ 60 ವರ್ಷಕ್ಕೆ ಮುಗಿಯುವುದರಿಂದ 1956ರವರೆಗಿನ ಸರಕಾರಿ ಮಾಲೆ ಮುಕ್ತವಾಗಿದೆ. ತೀರ್ಪಿನ ಮೂಲಪಾಠ ಸಾರ್ವಜನಿಕ, ಸಂಪಾದಕರು ಬುದ್ಧಿ ಖರ್ಚು ಮಾಡಿ ಸೇರಿಸಿದ ಭಾಗಕ್ಕೆ ಮಾತ್ರ ರಕ್ಷಣೆ ಎಂದು ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ಪ್ರಕರಣದಲ್ಲಿ ಹೇಳಿದೆ. ಖಾಸಗಿ ವರದಿಗಳ ಹೆಡ್‌ನೋಟುಗಳನ್ನು ನಕಲು ಮಾಡದೆ ನಮ್ಮದೇ ಸಾರಾಂಶ ಬರೆದರಾಯಿತು.

ಕೆಲಸಕ್ಕೆ ತಕ್ಕ ಜಾಗಗಳೂ ಇವೆ: ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಚರ್ಚ್‌ಗೇಟ್ ಬಳಿ 1855ರಷ್ಟು ಹಳೆಯ ಸರಕಾರಿ ಲಾ ಕಾಲೇಜು, ಆ ಕಡೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ತಡ ಮಾಡಲು ಮಾತ್ರ ಆಗದು. 1878ರಲ್ಲಿ ಪೂರ್ಣಗೊಂಡ ಕೋಟೆಯ ಕಟ್ಟಡದಿಂದ ಬಾಂದ್ರಾ ಪೂರ್ವಕ್ಕೆ ಹೋಗಲು ಹೈಕೋರ್ಟು ಅಣಿಯಾಗುತ್ತಿದೆ. ಅಲ್ಲಿನ ಹೊಸ ಸಂಕೀರ್ಣಕ್ಕೆ 2024ರಲ್ಲಿ ಭೂಮಿಪೂಜೆಯಾಗಿದೆ. ಗ್ರಂಥಾಲಯಗಳು ಮನೆ ಬದಲಿಸುವಾಗ ಯಾರೂ ಕೇಳದ ಸಂಪುಟಗಳೇ ಮೊದಲು ಮೂಲೆ ಸೇರುತ್ತವೆ. ಸಾಗಣೆಗೆ ಮುಂಚೆ ಹೈಕೋರ್ಟ್ ವರದಿಗಳ 12 ಸಂಪುಟ ಮತ್ತು 1876ರಿಂದ 1900ರವರೆಗಿನ ಮಾಲೆ, ಇಷ್ಟಕ್ಕೆ ಮೊದಲ ಕಂತಿನ ಸೂಚಿ ಸಿದ್ಧವಾಗಬೇಕು. ಕುಮರಿ, ಮೂಲಗೇಣಿ (ಕಾಯಂ ಗೇಣಿ), ವತನಗಳ ಮೂಲಪ್ರಶ್ನೆಗಳು ಬಹುಮಟ್ಟಿಗೆ ಆ ಅವಧಿಯಲ್ಲೇ ಇತ್ಯರ್ಥವಾದವು.